ಹಾಡಿನ ಹೊದಿಕೆ ಮತ್ತು ಪ್ರರೋಚನೆ

ಸಂಸ್ಕೃತ ನಾಟಕಗಳನ್ನು ಓದಿದವರಿಗೆ ಪ್ರರೋಚನೆ ಎಂಬ ಮಾತು ಅಪರಿಚಿತವಲ್ಲ. ನಾಂದಿ ಮುಗಿದ ಮೇಲೆ ಸೂತ್ರಧಾರನು ರಂಗದಲ್ಲಿ ನಿಂತು ಕವಿಯನ್ನೂ ಕಥೆಯನ್ನೂ ನಟವರ್ಗವನ್ನೂ, ಕಡೆಗೆ ಎದುರಿಗೆ ಕುಳಿತಿರುವ ಸಭೆಯನ್ನೂ ನಾಲ್ಕು ಮಾತಿನಿಂದ ಹೊಗಳಿ, ಪ್ರೇಕ್ಷಕರ ಮನಸ್ಸನ್ನು ಮುಂದೆ ಬರತಕ್ಕ ನಾಟಕದ ಕಡೆಗೆ ತಿರುಗಿಸುವನು. ಶ್ರೀಹರ್ಷನ ರತ್ನಾವಳಿಯಲ್ಲಿ ಇದು ಸಂಕೋಚವೇ ಇಲ್ಲದೆ ನಡೆದಿದೆ; ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಹೊಸ ಕವಿಯ ಪರವಾಗಿ ಪಾರಿಪಾರ್ಶ್ವಿಕನೊಡನೆ ಹೂಡಿದ ವಾದದ ರೂಪದಲ್ಲಿ ನಡೆದಿದೆ. ಪದಾರ್ಥವನ್ನು ಜನರ ಮುಂದಿಡುವವನು ಅದನ್ನು ಹೊಗಳುವುದು ಪಾಪವೆಂದು ನಮ್ಮ ಲಾಕ್ಷಣಿಕರು ಭಾವಿಸಲಿಲ್ಲ. ಅದಕ್ಕೊಂದು ಹೆಸರಿಟ್ಟು, ಭಾರತೀವೃತ್ತಿಯ ಅಂಗಗಳಲ್ಲಿ ಒಂದೆಂದು ಸ್ಥಾನವನ್ನೂ ಕೊಟ್ಟರು. ಆದರೆ ಆ ಸ್ಥಾನಕ್ಕೆ ಒಂದು ಎಲ್ಲೆಯುಂಟು. ಹೊಗಳಿ ಮುಗಿಸಿದ ಸೂತ್ರಧಾರನು ನಿಷ್ಕ್ರಮಿಸತಕ್ಕದ್ದು. ಅವನು ಒಳಕ್ಕೆ ಹೋಗದೆ ನಾಟಕವು ಮೊದಲಾಗುವಂತಿಲ್ಲ.

ಈ ಹಳೆಯ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಹಾಡನ್ನು ತಟ್ಟೆಯಲ್ಲಿ ಹಿಡಿದು ಮಾರುವ ಕಸಬು ಹುಟ್ಟಿ ನೂರು ವರ್ಷಗಳಿಗೆ ಮೇಲಾಯಿತು. ಆ ತಟ್ಟೆಗೆ ಸುತ್ತಿದ ಕಾಗದ, ರಟ್ಟು, ಪೆಟ್ಟಿಗೆ, ಅದರ ಮೇಲಿನ ಚಿತ್ರ, ಅದರೊಳಗಿಟ್ಟ ಪುಸ್ತಕ ಇವೆಲ್ಲವೂ ಗಾಯಕನ ಪರವಾಗಿ ಜನರನ್ನು ಕರೆಯುವ ಸೂತ್ರಧಾರರೇ. ಇವುಗಳಲ್ಲಿ ಕೆಲವು ಬಹು ಸೊಗಸಾಗಿ ಕರೆದಿವೆ. ಈಚೀಚೆಗೆ ಕೆಲವು ರಂಗವನ್ನು ಬಿಟ್ಟು ಕದಲುವುದೇ ಇಲ್ಲ. ಯಾವುದು ಯಾವ ಬಗೆಯದೆಂದು ವಿಚಾರಿಸುವುದು ಸಾಹಿತ್ಯಪತ್ರಿಕೆಗೆ ಹೊರತಾದ ವಿಷಯವೆಂದು ಯಾರೂ ಎಣಿಸಬಾರದು. ಓಲೆಗರಿಯ ಕಟ್ಟಿಗೆ ಬಣ್ಣದ ಹಲಗೆಯನ್ನು ಹೊಂದಿಸಿ, ಮೇಲೆ ಬಟ್ಟೆ ಸುತ್ತಿ ಇಟ್ಟವರು ನಮ್ಮ ಹಿರಿಯರೇ.

ಮೊದಲಲ್ಲಿ ಹೊದಿಕೆ ಎಂಬುದು ಹೆಸರಿಗೂ ಇರಲಿಲ್ಲ. 1902ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬ ಗ್ರಾಮಫೋನ್ ಕಂಪೆನಿಯ ತಜ್ಞನು ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡುಗಳನ್ನು ಧ್ವನಿಮುದ್ರಣ ಮಾಡಿಕೊಂಡನು. ಆ ತಟ್ಟೆಗಳು ಅಚ್ಚಾಗಬೇಕಾದುದು ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯುವುದೆಂತು? ಆದುದರಿಂದ ಹಾಡು ಮುಗಿಯುತ್ತಲೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಹೇಳಿ ಮುಗಿಸುತ್ತಿದ್ದಳು. ಕಾಗದಕ್ಕೆ ಹೆಸರು ಬರೆಯುವವರ ಅನುಕೂಲಕ್ಕಾಗಿ ಹುಟ್ಟಿದ ಈ ಪದ್ಧತಿ ಕಾಲಕ್ರಮದಲ್ಲಿ ಆಕೆಯ ಗುರುತೇ ಆಯಿತು. ಕೇಳುವವರು ಆ ಒಂದು ವಾಕ್ಯವನ್ನು ಹಾಡಿನಷ್ಟೇ ಆಸೆಯಿಂದ ಎದುರುನೋಡುತ್ತಿದ್ದಿರಬೇಕು. ಹೊದಿಕೆಯಿಲ್ಲದ ಕಾಲದಲ್ಲಿ ಕಂಠವೇ ಹೊದಿಕೆಯ ಕೆಲಸವನ್ನು ಮಾಡಿತು. ಅದೂ ಹಾಡನ್ನು ಮುಗಿಸಿದ ಮೇಲೆ, ಮೊದಲಲ್ಲಿ ಅಲ್ಲ. ಮುಂದೆ ಆಕೆಯ ಚಿತ್ರವು ಬೆಂಕಿಪೊಟ್ಟಣಗಳ ಮೇಲೂ ಬಂದಿತು. ಇಷ್ಟು ಪ್ರಸಿದ್ಧಿಯನ್ನು ಪಡೆದವಳು 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳೆಂಬುದು ನಮ್ಮ ಕಡೆಯ ಅನೇಕರಿಗೆ ತಿಳಿಯದು.

ಆಗಿನ ಪ್ಲೇಟುಗಳ ಮಧ್ಯದ ದುಂಡುಕಾಗದದ ಮೇಲೆ ಕಂಪೆನಿಯ ಗುರುತು ದೊಡ್ಡದಾಗಿ, ಗಾಯಕರ ಹೆಸರು ಸಣ್ಣದಾಗಿ ಇರುತ್ತಿದ್ದಿತು. ಕಹಳೆಯ ಮುಂದೆ ಕಿವಿಯಾನಿಸಿ ಕುಳಿತ ನಾಯಿಯನ್ನು ಬಲ್ಲ ಮನೆಗಳೆಷ್ಟೋ. ಆ ಕಹಳೆಯಲ್ಲಿ ಹಾಡಿದವರನ್ನು ಬಲ್ಲ ಮನೆಗಳು ಅಷ್ಟಿರಲಾರವು. ಪ್ಲೇಟಿನ ಒಂದು ಮುಖದಲ್ಲಿ ಮೂರು ನಾಲ್ಕು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿದ್ದುದರಿಂದ ಪಾಶ್ಚಾತ್ಯರ ದೀರ್ಘವಾದ ವಾದ್ಯಪ್ರಬಂಧವೊಂದಕ್ಕೆ ನಾಲ್ಕೈದು ಪ್ಲೇಟುಗಳು ಬೇಕಾಗುತ್ತಿದ್ದುವು. ಅವುಗಳನ್ನು ಭಾವಚಿತ್ರಗಳನ್ನಿಡುವ ಪುಸ್ತಕದಂತೆ ಹೊಲಿದ ಚೀಲಗಳಲ್ಲಿಟ್ಟು ಮಾರುತ್ತಿದ್ದರು. ಆಲ್ಬಂ ಎಂಬ ಹೆಸರು ಬಂದುದು ಹೀಗೆ. ಒಳಗೆ ಪುಸ್ತಕದ ಹಾಳೆಗಳೇ ಇಲ್ಲದ ಇಂದಿನ ದಿನವೂ ಆ ಹೆಸರು ಉಳಿದಿದೆ. ಹೊರಗಿನ ರಟ್ಟಾದರೋ ಕಂದು ಬಣ್ಣದ್ದು, ಬೆನ್ನಿನ ಮೇಲೆ ಅಕ್ಷರ ಕೆತ್ತಿದ್ದು. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದಾಗ ಗೋರಿಕಲ್ಲುಗಳಂತೆ ಕಾಣುತ್ತಿದ್ದುವಾಗಿ ವ್ಯಾಪಾರಸ್ಥರು ಅವನ್ನು ಆ ಹೆಸರಿನಿಂದಲೇ ಹಾಸ್ಯಮಾಡುತ್ತಿದ್ದರಂತೆ.

ಈ ಗೋರಿಕಲ್ಲುಗಳಿಗೆ ಜೀವ ಬರಿಸಿದವನು ಅಲೆಕ್ಸ್ ಸ್ಟೈನ್‌ವೈಸ್. 1939ರಲ್ಲಿ, ಇನ್ನೂ ಇಪ್ಪತ್ತೈದು ತುಂಬದ ತರುಣನಾಗಿ, ಅಮೇರಿಕದ ಕೊಲಂಬಿಯಾ ಕಂಪೆನಿಯಲ್ಲಿ ಕಲಾವಿಭಾಗದ ಮುಖ್ಯಸ್ಥನಾಗಿ ಸೇರಿದನು. ಮರುವರ್ಷ, ರಾಜರ್ಸ್ ಮತ್ತು ಹಾರ್ಟ್ ಎಂಬ ಜೋಡಿಯ ಹಾಡುಗಳ ಆಲ್ಬಮ್ಮಿಗೆ ಆತನು ಮಾಡಿಸಿದ ಹೊದಿಕೆಯೇ ಚಿತ್ರವುಳ್ಳ ಹೊದಿಕೆಗಳ ಪರಂಪರೆಗೆ ಮೊದಲು ಎನ್ನುವರು. ಅದರ ಚಿತ್ರ ಯಾವುದು? ನ್ಯೂಯಾರ್ಕಿನ ನಾಟಕಶಾಲೆಯೊಂದರ ಮುಂಬಾಗಿಲ ಮೇಲಿನ ದೀಪದ ಹಲಗೆಯಲ್ಲಿ ಆಲ್ಬಮ್ಮಿನ ಹೆಸರನ್ನೇ ಹೊತ್ತಿಸಿ ತೆಗೆಸಿದ ಭಾವಚಿತ್ರ. ನಾಟಕಶಾಲೆಯ ಬಾಗಿಲೇ ಹೊದಿಕೆಯಾಯಿತು! ನಾವು ಮೇಲೆ ಹೇಳಿದ ಸೂತ್ರಧಾರನಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಮುಂದೆ ಬೀಥೋವನ್ ಮುಂತಾದವರ ಹಳೆಯ ಪ್ಲೇಟುಗಳನ್ನೇ ಹೊಸ ಹೊದಿಕೆಯಲ್ಲಿ ಹೊರಡಿಸಿದಾಗ ಮಾರಾಟವು ಅನೇಕಪಟ್ಟು ಏರಿತೆಂದು ಪ್ರಸಿದ್ಧಿ. ಒಳಗಿನ ನಾದದಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಇದನ್ನು ಕೇಳಿ ಹುಬ್ಬುಗಂಟಿಕ್ಕುವವರುಂಟು. ನಾದಕ್ಕೆ ಮೆಚ್ಚಿ ಕೊಳ್ಳದವನು ಬಣ್ಣಕ್ಕೆ ಮೆಚ್ಚಿ ಕೊಂಡರೆ ಅವನೆಂತಹ ರಸಿಕನು ಎಂದು ಅವರ ಆಕ್ಷೇಪ. ಈ ಆಕ್ಷೇಪವು ನಿಲ್ಲತಕ್ಕದ್ದಲ್ಲ. ಅಂಗಡಿಗೆ ಬಂದವನು ನಾದವನ್ನು ಕಣ್ಣಿನಿಂದ ನೋಡಲಾರನು, ಕೇಳದೆ ಮೆಚ್ಚಲಾರನು, ಮೆಚ್ಚದೆ ಕೊಳ್ಳಲಾರನು. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬೇಕಷ್ಟೆ. ಬಣ್ಣಕ್ಕೆ ಮರುಳಾಗಿ ಕೊಂಡವನು ಮನೆಗೆ ಹೋಗಿ, ಹೊದಿಕೆಯನ್ನು ಕಳಚಿ ಪಕ್ಕಕ್ಕಿಟ್ಟು, ಪ್ಲೇಟನ್ನು ಹಾಕಿ ಕೇಳಿದನಾದರೆ ಸ್ಟೈನ್‌ವೈಸನ ಕೆಲಸ ಸಾರ್ಥಕವಾಯಿತು. ಆ ಕಾಲದಲ್ಲಿ ಕೇಳದೆ ಬಿಡುವುದಕ್ಕೆ ದಾರಿಯೇ ಇರಲಿಲ್ಲವೆಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು. ಹಾಡು ಬೇಕಾದರೆ ಪ್ಲೇಟು ಬೇಕು; ಪ್ಲೇಟನ್ನು ಕೊಂಡವನ ಮನೆಯಲ್ಲಿ ಹಾಡು ಇದ್ದೇ ಇರುತ್ತಿದ್ದಿತು.

1948ರಲ್ಲಿ ಅದೇ ಕೊಲಂಬಿಯಾ ಕಂಪೆನಿಯು ಒಂದು ಮುಖದಲ್ಲಿ ಇಪ್ಪತ್ತು ನಿಮಿಷಗಳಿಗೆ ಮೇಲೆ ಹಿಡಿಯುವ ಲಾಂಗ್ ಪ್ಲೇ ತಟ್ಟೆಯನ್ನು ಹೊರತಂದಿತು. ಹನ್ನೆರಡು ಅಂಗುಲದ ಚೌಕವು ಚಿತ್ರಕಾರನಿಗೆ ಸಿಕ್ಕಿತು. ಅದರ ಬೆನ್ನು ಬರೆಹಗಾರನಿಗೆ ಸಿಕ್ಕಿತು. ನಮ್ಮ ಮಟ್ಟಿಗೆ ಈ ಎರಡನೆಯ ಲಾಭವೇ ಹೆಚ್ಚಿನದು. ಹಾಡಿದವರು ಯಾರು, ಪಕ್ಕವಾದ್ಯ ಯಾರದು, ರಾಗ ಯಾವುದು, ತಾಳವೇನು, ಕೃತಿ ಯಾರದೆಂದು ಮುದ್ರಿಸಿದ ಒಂದು ರಟ್ಟಿನ ಬೆನ್ನು ಸಂಗೀತದ ಗಂಧವಿಲ್ಲದ ಮನೆಗೂ ಅರ್ಧ ಗುರುವಿದ್ದಂತೆ. ನಮ್ಮ ದೇಶದ ಸಂಗೀತವು ಪರದೇಶದವರ ಕಿವಿಗೆ ಮೊದಲು ಬಿದ್ದಾಗ ಈ ಗುರುವಿನ ಅಗತ್ಯ ಎಷ್ಟಿತ್ತೆಂಬುದಕ್ಕೆ 1955ರಲ್ಲಿ ಏಂಜೆಲ್ ಕಂಪೆನಿ ಹೊರಡಿಸಿದ ಅಲಿ ಅಕ್ಬರ್ ಖಾನರ ಸರೋದ್ ವಾದನದ ತಟ್ಟೆಯನ್ನು ನೋಡಬಹುದು. ಹೊದಿಕೆಯ ಬರೆವಣಿಗೆ ಸಾಲದೆಂದು ಪಿಟೀಲಿನ ಮಹಾವಿದ್ವಾಂಸ ಯೆಹೂದಿ ಮೆನುಹಿನ್ ಅವರು ತಟ್ಟೆಯೊಳಗೇ ಮಾತನಾಡಿ, ವಾದಕರನ್ನೂ ವಾದ್ಯಗಳನ್ನೂ ರಾಗವನ್ನೂ ಪರಿಚಯ ಮಾಡಿಕೊಟ್ಟರು, ಅನಂತರ ಸುಮ್ಮನಾದರು. ಅಲ್ಲಿಂದಾಚೆಗೆ ಸರೋದು ಮತ್ತು ಚತುರ್ ಲಾಲರ ತಬಲ. ಇದಕ್ಕಿಂತ ಶಾಸ್ತ್ರೋಕ್ತವಾದ ಪ್ರರೋಚನೆಯನ್ನು ನಾವು ಕಂಡಿಲ್ಲ. ತನ್ನ ಹೆಸರಿನ ಬೆಲೆಯನ್ನು ಇನ್ನೊಬ್ಬನ ಕಲೆಗೆ ಸಾಲವಾಗಿ ಕೊಟ್ಟು, ಬಡ್ಡಿ ಕೇಳದೆ ಹಿಂದೆ ಸರಿದ ದೊಡ್ಡತನವದು.

ಇನ್ನು ಹೊದಿಕೆಯ ಇತಿಹಾಸದಲ್ಲಿ ಎಲ್ಲರೂ ಮೊದಲು ಹೆಸರಿಸುವ 1967ರ ಉದಾಹರಣೆಗೆ ಬರೋಣ. ಇಂಗ್ಲೆಂಡಿನ ಬೀಟಲ್ಸ್ ತಂಡದವರು ಸಾರ್ಜೆಂಟ್ ಪೆಪ್ಪರ್ ಎಂಬ ಕಲ್ಪಿತ ಬ್ಯಾಂಡಿನವರಾಗಿ ವೇಷಧರಿಸಿ ಹಾಡಿದಂತೆ ಹೆಣೆದ ತಟ್ಟೆ ಅದು. ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ದಂಪತಿಗಳು ರಚಿಸಿದ ಹೊದಿಕೆಯಲ್ಲಿ ಬಣ್ಣದ ಬ್ಯಾಂಡು ಉಡುಪಿನ ನಾಲ್ವರು ನಿಂತಿದ್ದಾರೆ. ಅವರ ಹಿಂದೆ ಕವಿಗಳು, ನಟರು, ತತ್ತ್ವಜ್ಞರು, ಮುಷ್ಟಿಯುದ್ಧದವರು ಎಂದು ಐವತ್ತಕ್ಕೆ ಮೇಲ್ಪಟ್ಟ ಮುಖಗಳ ಸಂತೆ. ಸಾಮಾನ್ಯವಾಗಿ ಐವತ್ತು ಪೌಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೂರು ಸಾವಿರ ಪೌಂಡಿನಷ್ಟು ವೆಚ್ಚವಾಯಿತು. ಒಳಗೆ ಕತ್ತರಿಸಿ ಅಂಟಿಸಿಕೊಳ್ಳಬಹುದಾದ ಮೀಸೆ, ಪದಕ, ತೋಳಪಟ್ಟಿಗಳ ಹಾಳೆಯೊಂದು. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಆಟದ ಸಾಮಾನೆಂದು ನಗಬಹುದು. ಆದರೆ ವಿಚಾರಮಾಡಿ ನೋಡಿದರೆ ಅದು ಒಳಗಿನ ಕಲ್ಪನೆಯ ಮುಂದುವರಿಕೆಯೇ ಆಗಿದೆ. ಹಾಡುಗಳೇ ಬ್ಯಾಂಡಿನ ವೇಷ ಹಾಕಿರುವಾಗ ಕೇಳುವವನೂ ಒಂದು ಮೀಸೆ ಅಂಟಿಸಿಕೊಂಡರೆ ತಪ್ಪೇನು? ಅಲಂಕಾರಕ್ಕೂ ಅಲಂಕಾರ್ಯಕ್ಕೂ ಇಲ್ಲಿ ಸಂಬಂಧವುಂಟು.

ಅದರ ಬೆನ್ನ ಮೇಲೆ ಹಾಡುಗಳ ಸಾಹಿತ್ಯವನ್ನೆಲ್ಲ ಮುದ್ರಿಸಿದರು. ಅದುವರೆಗೆ ಆ ಬಗೆಯ ಜನಪ್ರಿಯ ಗೀತಗಳಲ್ಲಿ ಮಾತು ಎಂಬುದು ನಾದಕ್ಕೆ ಜೋತುಬಿದ್ದ ಬಾಲವೆಂದು ಎಣಿಸುತ್ತಿದ್ದರು. ಮುದ್ರಿಸಿ ಕೊಟ್ಟೊಡನೆ ಅದು ಓದಬಹುದಾದ ಪದ್ಯವಾಯಿತು, ಆದುದರಿಂದ ವಿಮರ್ಶೆಗೂ ಗುರಿಯಾಯಿತು. ಐವತ್ತು ಮುಖಗಳ ಸಂತೆಗಿಂತ ಈ ಒಂದು ಪುಟವೇ ಆ ಹೊದಿಕೆಯ ದೊಡ್ಡ ಸಾಧನೆಯೆಂದು ನಮ್ಮ ಮತ. ಚಿತ್ರಕ್ಕೆ ಮರುಳಾದ ಪಾಶ್ಚಾತ್ಯ ವಿಮರ್ಶಕರು ಇದನ್ನು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಆ ಸಂತೆಯಲ್ಲಿ ನಮ್ಮವರೂ ಇದ್ದಾರೆ. ಜಾರ್ಜ್ ಹ್ಯಾರಿಸನ್‌ನ ಇಚ್ಛೆಯಂತೆ ಮಹಾವತಾರ ಬಾಬಾಜಿ, ಲಾಹಿರಿ ಮಹಾಶಯ, ಶ್ರೀ ಯುಕ್ತೇಶ್ವರ ಗಿರಿ, ಪರಮಹಂಸ ಯೋಗಾನಂದ ಈ ನಾಲ್ವರು ಯೋಗಿಗಳ ಮುಖಗಳು ಅಲ್ಲಿ ಸೇರಿದುವು. ಗಾಂಧೀಜಿಯವರ ಚಿತ್ರವನ್ನೂ ನಿಲ್ಲಿಸಿ ಛಾಯಾಚಿತ್ರ ತೆಗೆದಿದ್ದರು. ಕಂಪೆನಿಯ ಅಧ್ಯಕ್ಷ ಸರ್ ಜೋಸೆಫ್ ಲಾಕ್‌ವುಡ್ ಅದನ್ನು ಕಂಡು, ಭಾರತದ ಜನರು ಇದರಿಂದ ನೊಂದುಕೊಂಡಾರು, ಅಲ್ಲಿ ತಟ್ಟೆ ಮಾರಲಾಗದು ಎಂದು ಅಡ್ಡಿಪಡಿಸಿದನು. ಮಹಾತ್ಮರ ಚಿತ್ರವನ್ನು ಅಳಿಸಿ ಆ ಜಾಗವನ್ನು ಗಿಡದ ಎಲೆಗಳಿಂದ ಮುಚ್ಚಿದರು. ಇದರಲ್ಲಿ ಭಕ್ತಿ ಎಷ್ಟು, ಲೆಕ್ಕಾಚಾರ ಎಷ್ಟು ಎಂಬುದನ್ನು ವಾಚಕರೇ ತೂಗಿಕೊಳ್ಳಲಿ. ಹೊದಿಕೆ ಎಂಬುದು ಕೇವಲ ಕಲೆಯಲ್ಲ, ವ್ಯಾಪಾರದ ಪತ್ರವೂ ಹೌದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೂ ನಮಗೆ ಆ ಅಧ್ಯಕ್ಷನ ಮೇಲೆ ಕೋಪ ಬರುವುದಿಲ್ಲ. ಬಾಪೂಜಿಯವರು ಆ ಗದ್ದಲದಲ್ಲಿ ನಿಂತಿರದೆ ಹೋದುದೇ ಲೇಸು.

ಸಂತೆಯ ಗದ್ದಲವಾದ ಮರುವರ್ಷವೇ ಅದೇ ತಂಡದವರು ಬಿಳಿಯ ಹೊದಿಕೆಯಲ್ಲಿ ಬಂದರು. ರಿಚರ್ಡ್ ಹ್ಯಾಮಿಲ್ಟನ್ ಎಂಬ ಚಿತ್ರಕಾರನ ಯೋಜನೆ. ಬರಿಯ ಬಿಳುಪು, ಉಬ್ಬಚ್ಚಿನಲ್ಲಿ ತಂಡದ ಹೆಸರು, ಮೂಲೆಯಲ್ಲಿ ಪ್ರತಿಯೊಂದು ಪ್ರತಿಗೂ ಬೇರೆ ಬೇರೆ ಸಂಖ್ಯೆ. ಲಕ್ಷಗಟ್ಟಲೆ ಅಚ್ಚಾಗುವ ಪದಾರ್ಥಕ್ಕೆ ಸಂಖ್ಯೆ ಹೊಡೆದು, ಪ್ರತಿಯೊಂದನ್ನೂ ಅಪೂರ್ವವೆಂದು ತೋರಿಸುವುದರಲ್ಲಿ ಒಂದು ವ್ಯಂಗ್ಯವಿತ್ತು. ಕಾಲವು ಆ ವ್ಯಂಗ್ಯವನ್ನು ವಾಚ್ಯಾರ್ಥಮಾಡಿಬಿಟ್ಟಿತು. ತಂಡದ ರಿಂಗೋ ಸ್ಟಾರ್ ಬಳಿಯಿದ್ದ ಮೊದಲನೆಯ ಸಂಖ್ಯೆಯ ಪ್ರತಿಯು 2015ರಲ್ಲಿ ಹರಾಜಿನಲ್ಲಿ 7,90,000 ಡಾಲರಿಗೆ ಹೋಯಿತು. ಅದರೊಳಗಿನ ಹಾಡುಗಳು ಬೇರೆ ಯಾವ ಪ್ರತಿಯಲ್ಲಿರುವ ಹಾಡುಗಳಿಗಿಂತಲೂ ಭಿನ್ನವಲ್ಲ. ಬೆಲೆ ಬಂದುದು ಅಂಕಿಗೆ.

ಪಿಂಕ್ ಫ್ಲಾಯ್ಡ್ ತಂಡದವರಿಗಾಗಿ ಹಿಪ್ನೋಸಿಸ್ ಎಂಬ ಚಿತ್ರಶಾಲೆಯವರು ಮಾಡಿದ ಹೊದಿಕೆಗಳು ನಮಗೆ ಇನ್ನೂ ಹೆಚ್ಚು ಹಿಡಿಸಿದುವು. 1970ರ ಒಂದು ತಟ್ಟೆಯ ಮೇಲೆ ಹೊಲದಲ್ಲಿ ನಿಂತು ಹಿಂತಿರುಗಿ ನೋಡುವ ಹಸುವಿನ ಚಿತ್ರ ಮಾತ್ರ. ಹೆಸರೂ ಇಲ್ಲ, ಬರೆಹವೂ ಇಲ್ಲ. ಹಸುವಿಗೂ ಹಾಡಿಗೂ ಏನು ಸಂಬಂಧವೆಂದರೆ ಏನೂ ಇಲ್ಲ. ಸಂಬಂಧವಿಲ್ಲದಿರುವುದೇ ಜನರನ್ನು ತಡೆದು ನಿಲ್ಲಿಸಿತು. ಇದು ಚಮತ್ಕಾರ, ಧ್ವನಿಯಲ್ಲ. ಆದರೆ 1973ರ ದಿ ಡಾರ್ಕ್ ಸೈಡ್ ಆಫ್ ದಿ ಮೂನ್ ತಟ್ಟೆಯ ಹೊದಿಕೆ ಧ್ವನಿಯೇ ಸರಿ. ಕರಿಯ ಹಿನ್ನೆಲೆಯಲ್ಲಿ ಒಂದು ಗಾಜಿನ ಮುಮ್ಮೂಲೆ; ಒಂದು ಕಡೆಯಿಂದ ಬಿಳಿಯ ಕಿರಣ ಹೊಕ್ಕು ಮತ್ತೊಂದು ಕಡೆ ಬಣ್ಣಗಳಾಗಿ ಒಡೆದು ಹೊರಡುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಪ್ರತಿಯೊಬ್ಬ ಹುಡುಗನೂ ನೋಡಿದ ದೃಶ್ಯ. ಹೊದಿಕೆಯನ್ನು ಬಿಡಿಸಿದರೆ ಆ ಬಣ್ಣದ ಪಟ್ಟಿ ಒಳಗೆ ಮುಂದುವರಿದು ನಾಡಿಬಡಿತದ ಗೆರೆಯಾಗಿ ಏಳುತ್ತದೆ. ತಟ್ಟೆಯನ್ನು ಹಾಕಿದರೆ ಮೊದಲು ಕೇಳಿಬರುವುದು ಎದೆಬಡಿತ, ಮುಗಿಯುವುದೂ ಎದೆಬಡಿತದಿಂದಲೇ. ಕಣ್ಣು ಹೋಗಿ ಕಿವಿಗೆ ವಿಷಯವನ್ನು ಒಪ್ಪಿಸಿದ ಸ್ಥಳವಿದು. ಈ ಹೊದಿಕೆಯನ್ನು ಕಳಚಿದರೆ ಹಾಡಿಗೆ ಕೊರತೆಯಿಲ್ಲ, ಕೂಡಿಸಿದರೆ ಹೆಚ್ಚಿಕೆಯುಂಟು. ಅಲಂಕಾರವೆಂದರೆ ಇದಲ್ಲದೆ ಮತ್ತೇನು?

ಇದೇ ತಂಡದವರು 1995ರಲ್ಲಿ ಹೊರಡಿಸಿದ ಪೆಟ್ಟಿಗೆಯ ಬೆನ್ನಿನಲ್ಲಿ ಬ್ಯಾಟರಿಯಿಂದ ಮಿನುಗುವ ಕೆಂಪುದೀಪವನ್ನಿಟ್ಟರು. ಕಪಾಟಿನಲ್ಲಿ ಹಗಲೂ ರಾತ್ರಿಯೂ ಕಣ್ಣುಮಿಟುಕಿಸುತ್ತಿದ್ದು, ಬ್ಯಾಟರಿ ತೀರಿದ ದಿನ ಆರಿತು. ಹೆಚ್ಚು ಹೇಳಬೇಕಾದುದಿಲ್ಲ.

ಅಲಂಕಾರವು ಶರೀರಕ್ಕೇ ಗಾಯಮಾಡಿದ ಉದಾಹರಣೆಯೊಂದನ್ನು ಹೇಳದೆ ಬಿಡಬಾರದು. 1971ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ತಂಡದವರ ತಟ್ಟೆಗೆ ಆಂಡಿ ವಾರ್ಹಾಲ್ ಸೂಚಿಸಿದ ಹೊದಿಕೆಯಲ್ಲಿ ಷರಾಯಿ ತೊಟ್ಟ ಪುರುಷನೊಬ್ಬನ ಸೊಂಟದ ಭಾಗದ ಚಿತ್ರವಿದ್ದು, ಅದಕ್ಕೆ ನಿಜವಾದ ಲೋಹದ ಜಿಪ್ಪನ್ನೇ ಹೊಲಿದಿದ್ದರು. ಅದರ ಔಚಿತ್ಯದ ಮಾತು ಹಾಗಿರಲಿ. ಪ್ರತಿಗಳನ್ನು ಒಂದರ ಮೇಲೊಂದು ಪೇರಿಸಿ ಅಂಗಡಿಗಳಿಗೆ ಕಳುಹಿಸಿದಾಗ ಜಿಪ್ಪಿನ ಹಿಡಿಯು ಮೇಲಿನ ತಟ್ಟೆಗೆ ಒತ್ತಿ, ಹಾಡಿನ ಗೆರೆಗಳೇ ನುಗ್ಗಿಹೋದುವು. ಆಮೇಲೆ ಒಬ್ಬ ಬುದ್ಧಿವಂತನಿಗೆ ಉಪಾಯ ಹೊಳೆಯಿತು: ಕಳುಹಿಸುವ ಮೊದಲೇ ಜಿಪ್ಪನ್ನು ಅರ್ಧಕ್ಕೆ ಇಳಿಸಿದರೆ ಹಿಡಿಯು ತಟ್ಟೆಯ ಮಧ್ಯದ ದುಂಡುಕಾಗದಕ್ಕೆ ತಾಗುವುದು, ಅಲ್ಲಿ ಹಾಡಿಲ್ಲ. ಹಾಗೆಯೇ ಮಾಡಿದರು. ಕಟಿಸೂತ್ರವನ್ನು ಕೊರಳಿಗೆ ಹಾಕಿಕೊಂಡವರನ್ನು ಕ್ಷೇಮೇಂದ್ರನು ನಕ್ಕನು. ಕೊರಳನ್ನೇ ಕೊಯ್ಯುವ ಕಂಠಾಭರಣವನ್ನು ಅವನು ನೋಡಿರಲಿಲ್ಲ.

ನಮ್ಮ ನಾಡಿನ ಮಾತಿಗೆ ಬಂದರೆ, ಕನ್ನಡದಲ್ಲಿ ಭಾವಗೀತಗಳಿಗೆ ಮನೆಮನೆಯ ಬಾಗಿಲು ತೆರೆದುದು ಕ್ಯಾಸೆಟ್ಟಿನಿಂದ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗಸಂಯೋಜನೆ ಮಾಡಿದ ನಿತ್ಯೋತ್ಸವ ಕ್ಯಾಸೆಟ್ಟು 1978ರಲ್ಲಿ ಬಂದಿತು. ಆ ಪರಂಪರೆಗೆ ಅದೇ ಮೊದಲು. ಕ್ಯಾಸೆಟ್ಟಿನ ಡಬ್ಬಿಯಲ್ಲಿ ಹನ್ನೆರಡು ಅಂಗುಲದ ಚೌಕವೆಲ್ಲಿ ಬರಬೇಕು? ಅಂಗೈಯಗಲದ ಒಂದು ಮಡಿಕೆಯ ಕಾಗದ. ಆದರೂ ಕವಿ, ಸಂಯೋಜಕ, ಗಾಯಕ ಎಂಬ ಮೂವರ ಹೆಸರು ಒಟ್ಟಿಗೆ ಜನರ ಬಾಯಿಗೆ ಬರುವುದಕ್ಕೆ ಆ ಮಡಿಕೆಯ ಕಾಗದಗಳು ಮಾಡಿದ ಉಪಕಾರ ಸಣ್ಣದಲ್ಲ. ಪಾಠಪುಸ್ತಕದ ಹೊರಗೆ ಕವಿಯ ಹೆಸರನ್ನು ಎಂದೂ ಓದದ ಎಷ್ಟೋ ಮಂದಿ ಅಲ್ಲಿ ಓದಿದರು. ಈಗ ಅದೇ ಹಾಡುಗಳು ಕೈಫೋನಿನಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ಹೊದಿಕೆ ಹೆಬ್ಬೆರಳಿನ ಉಗುರಿನಷ್ಟಾಗಿದೆ. ಗಾಯಕರ ಹೆಸರಿದ್ದರೆ ಕವಿಯ ಹೆಸರಿಲ್ಲ, ಕವಿಯ ಹೆಸರಿದ್ದರೆ ತಪ್ಪಾಗಿದೆ. ಒಬ್ಬ ಕವಿಯ ಗೀತವು ಮತ್ತೊಬ್ಬನ ಹೆಸರಿನಲ್ಲಿ ಸುತ್ತಾಡುತ್ತಿರುವುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ. ಹೊದಿಕೆ ಹೋದರೆ ಹೋಗಲಿ ಎನ್ನುವವರು ಅದರ ಜೊತೆಗೆ ಹೋದುದೇನೆಂಬುದನ್ನೂ ನೋಡಬೇಕು.

ಹೋಯಿತೆಂದುಕೊಂಡ ಹೊದಿಕೆಯು ಬೇರೆ ಕಡೆ ಬೇರೆ ರೂಪದಲ್ಲಿ ಮರಳಿ ಬಂದಿದೆ. ನಮ್ಮ ತಮ್ಮನ ಮೊಮ್ಮಗಳು ಕೊರಿಯಾ ದೇಶದ ತಂಡವೊಂದರ ಆಲ್ಬಮ್ಮನ್ನು ತರಿಸಿಕೊಂಡಿದ್ದಳು. ಬಿಚ್ಚಿ ನೋಡಿದೆವು. ಪುಸ್ತಕದಷ್ಟು ದಪ್ಪದ ಪೆಟ್ಟಿಗೆ. ಒಳಗೆ ನುಣುಪು ಕಾಗದದ ಚಿತ್ರಪುಸ್ತಕ, ಅಂಟಿಸುವ ಚಿತ್ರಗಳು, ಅಂಚೆಕಾರ್ಡುಗಳು, ಮಡಿಸಿದ ಭಿತ್ತಿಚಿತ್ರ. ಇಸ್ಪೀಟಿನ ಎಲೆಯಷ್ಟು ಗಾತ್ರದ ಒಂದು ಭಾವಚಿತ್ರದ ಚೀಟಿ. ಎಲ್ಲಕ್ಕೂ ಅಡಿಯಲ್ಲಿ ಸೀಡಿ. "ಇದನ್ನು ಹಾಕಮ್ಮ, ಕೇಳೋಣ" ಎಂದೆವು. "ಹಾಕೋದಕ್ಕೆ ಮನೇಲಿ ಯಂತ್ರ ಎಲ್ಲಿದೆ ತಾತ? ಹಾಡನ್ನ ಫೋನಿನಲ್ಲಿ ಆಗಲೇ ಕೇಳಿಯಾಯಿತು" ಎಂದಳು. ಅವಳ ಮುಖದಲ್ಲಿ ಸ್ವಲ್ಪ ಬೇಸರವಿತ್ತು. ವಿಚಾರಿಸಿದರೆ, ಅವಳಿಗೆ ಬೇಕಾದ ಗಾಯಕನ ಚೀಟಿ ಬಾರದೆ ಬೇರೊಬ್ಬನದು ಬಂದಿತ್ತು.

ಇದರ ಮರ್ಮ ಇಲ್ಲಿದೆ. ಯಾವ ಪೆಟ್ಟಿಗೆಯಲ್ಲಿ ಯಾರ ಚೀಟಿಯುಂಟೆಂದು ಹೊರಗಿನಿಂದ ತಿಳಿಯದು. ಸೆವೆಂಟೀನ್ ಎಂಬ ತಂಡದಲ್ಲಿ ಹದಿಮೂರು ಜನ. ಪೆಟ್ಟಿಗೆಗೆ ಒಂದು ಚೀಟಿ, ಎಲ್ಲರ ಚೀಟಿಗಳೂ ಸಮಸಂಖ್ಯೆಯವು ಎಂದಿಟ್ಟುಕೊಳ್ಳೋಣ. ಬೇಕಾದ ಒಬ್ಬನ ಚೀಟಿ ದೊರೆಯುವುದಕ್ಕೆ ಸರಾಸರಿ ಹದಿಮೂರು ಪೆಟ್ಟಿಗೆಗಳನ್ನು ಕೊಳ್ಳಬೇಕು; ಹದಿಮೂರೂ ಜನರ ಚೀಟಿಗಳು ಕೂಡಬೇಕಾದರೆ ಸರಾಸರಿ ನಲವತ್ತೊಂದು. ಗಣಿತ ಬಲ್ಲವರು ಲೆಕ್ಕಹಾಕಿ ನೋಡಬಹುದು. ಇದಲ್ಲದೆ, ತಂಡದವರು ಅಭಿಮಾನಿಗಳಿಗೆ ಹಸ್ತಾಕ್ಷರ ಕೊಡುವ ಕೂಟಗಳಿಗೆ ಚೀಟಿಯೆತ್ತಿ ಜನರನ್ನು ಆರಿಸುವರು. ಹೆಚ್ಚು ಪೆಟ್ಟಿಗೆ ಕೊಂಡವನಿಗೆ ಹೆಚ್ಚು ಅವಕಾಶ. 2024ರ ಏಪ್ರಿಲ್ ಕೊನೆಯಲ್ಲಿ ಈ ತಂಡದ ಹೊಸ ಆಲ್ಬಂ ಹೊರಟಾಗ, ಜಪಾನಿನ ಟೋಕಿಯೋ ನಗರದ ಶಿಬುಯಾ ಎಂಬಲ್ಲಿ ಪೆಟ್ಟಿಗೆಗಳನ್ನು ರಾಶಿರಾಶಿಯಾಗಿ ಬೀದಿಯ ಬದಿಯಲ್ಲಿ ಇಟ್ಟು ಹೋಗಿದ್ದರು. ಬೇಕಾದವರು ತೆಗೆದುಕೊಳ್ಳಬಹುದೆಂದು ಬರೆದ ಚೀಟಿಯೂ ಇತ್ತು. ಆ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಕೊರಿಯಾ ಸರ್ಕಾರದ ಪರಿಸರ ಸಚಿವಾಲಯದ ಅಂಕಿಗಳಂತೆ, ಇಂಥ ಆಲ್ಬಮ್ಮುಗಳಿಗಾಗಿ ಕಂಪೆನಿಗಳು ಬಳಸಿದ ಪ್ಲಾಸ್ಟಿಕ್ 2017ರಲ್ಲಿ 55.8 ಟನ್ ಇದ್ದುದು 2022ರಲ್ಲಿ 801.5 ಟನ್ನಿಗೆ ಏರಿತು.

ನಾವು ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದುವಾಗ ಅಂಗ ಅಂಗಿ ಎಂಬ ಎರಡು ಶಬ್ದಗಳು ಬರುತ್ತಿದ್ದುವು. ಅಂಗಿ ಎಂದರೆ ಪ್ರಧಾನವಾದುದು, ಅಂಗವು ಅದಕ್ಕೆ ಅಧೀನ. ಕನ್ನಡದಲ್ಲಿಯಾದರೋ ಅಂಗಿ ಎಂದರೆ ತೊಡುವ ಬಟ್ಟೆ. ಹುಡುಗರೆಲ್ಲ ಪ್ರತಿವರ್ಷವೂ ತಪ್ಪದೆ ಇದಕ್ಕೆ ನಗುತ್ತಿದ್ದರು. ಈ ಪೆಟ್ಟಿಗೆಯನ್ನು ನೋಡಿದಾಗ ಆ ಶ್ಲೇಷವು ನಿಜವಾಯಿತೆನಿಸಿತು. ಇಲ್ಲಿ ತೊಡಿಸಿದ ಅಂಗಿಯೇ ಶಾಸ್ತ್ರದ ಅಂಗಿ. ಹಾಡು ಅದಕ್ಕೆ ಅಂಗ. ಚೀಟಿಯನ್ನು ಸುತ್ತಿಡುವುದಕ್ಕೆ ಹಾಡು ಹೊದಿಕೆಯಾಗಿದೆ.

ಎದುರುಪಕ್ಷದವರ ಮಾತನ್ನೂ ಕೇಳಬೇಕು. ಫೋನಿನಲ್ಲಿ ಹಾಡು ಕೇಳಿದರೆ ಗಾಯಕನಿಗೆ ದೊರೆಯುವುದು ಒಂದು ಕಾಸಿನ ಚೂರು. ಪೆಟ್ಟಿಗೆಯಿಂದಲೇ ಅವನ ಹೊಟ್ಟೆ ತುಂಬಬೇಕು. ಕೊಳ್ಳುವವರು ಹಾಡನ್ನು ಕೇಳದವರಲ್ಲ, ನೂರು ಸಲ ಕೇಳಿದವರು, ಅವರು ಪೆಟ್ಟಿಗೆಯನ್ನು ಕೊಳ್ಳುವುದು ದೇವರ ಉತ್ಸವಕ್ಕೆ ಕಾಣಿಕೆ ಕೊಟ್ಟಂತೆ, ಚೀಟಿಯು ಪ್ರಸಾದವಿದ್ದಂತೆ. ಈ ವಾದದಲ್ಲಿ ಹುರುಳುಂಟು, ತಳ್ಳಿಹಾಕಲಾಗದು. ನಮ್ಮ ಮೊಮ್ಮಗಳು ಆ ಹಾಡುಗಳನ್ನು ಅರ್ಥಸಹಿತವಾಗಿ ಬಲ್ಲಳು. ಅದಕ್ಕಾಗಿ ಕೊರಿಯಾದ ಲಿಪಿಯನ್ನೂ ಕಲಿತಿದ್ದಾಳೆ. ಸಂಗೀತಕ್ಕೆ ಅವಳು ಮಾಡಿದ ಮರ್ಯಾದೆ ಕಡಮೆಯೆಂದು ಹೇಳುವ ಧೈರ್ಯ ನಮಗಿಲ್ಲ.

ಆದರೆ ಕಾಣಿಕೆಯಾದರೆ ಕಾಣಿಕೆಯೆಂದು ತೆಗೆದುಕೊಳ್ಳಲಿ. ಚೀಟಿಯನ್ನು ಚೀಟಿಯೆಂದು ಬೆಲೆಕಟ್ಟಿ ಮಾರಲಿ. ಹಾಗೆ ಮಾಡುವುದಿಲ್ಲ, ಏತಕ್ಕೆಂದರೆ ಪ್ರತಿಯೊಂದು ಪೆಟ್ಟಿಗೆಯೂ ಒಂದು ಆಲ್ಬಂ ಎಂದು ಲೆಕ್ಕಕ್ಕೆ ಬರಬೇಕಾಗಿದೆ. ಮೊದಲನೆಯ ವಾರದಲ್ಲಿ ಇಷ್ಟು ಲಕ್ಷ ಮಾರಾಟವಾಯಿತೆಂಬ ಅಂಕಿಯೇ ಮುಂದಿನ ಜಾಹೀರಾತು. ಒಬ್ಬನು ನಲವತ್ತು ಕೊಂಡು ಮೂವತ್ತೊಂಬತ್ತನ್ನು ಬೀದಿಯಲ್ಲಿಟ್ಟರೂ ಲೆಕ್ಕದಲ್ಲಿ ನಲವತ್ತು ಮಂದಿ ಶ್ರೋತೃಗಳು. ಹಿಂದೆ ಪ್ಲೇಟಿನ ಮಾರಾಟವು ಲೋಕರುಚಿಯನ್ನು ಅಳೆಯುವ ಒಂದು ಒರಟು ಮಾನದಂಡವಾದರೂ ಆಗಿದ್ದಿತು. ಸ್ಟೈನ್‌ವೈಸನ ಹೊದಿಕೆ ಜನರನ್ನು ಮರುಳುಮಾಡಿರಬಹುದು, ಅವರ ಸಂಖ್ಯೆಯನ್ನು ಸುಳ್ಳುಮಾಡಲಿಲ್ಲ. ಈಗಿನ ಹೊದಿಕೆ ಕೆಡಿಸಿರುವುದು ಈ ಮಾನದಂಡವನ್ನೇ. ಚೆನ್ನಾಗಿ ಹಾಡಿ, ಚೀಟಿಯಿಡದ ಗಾಯಕನೊಬ್ಬನಿದ್ದರೆ ಅವನು ಆ ಪಟ್ಟಿಯಲ್ಲಿ ಎಲ್ಲಿ ನಿಲ್ಲಬೇಕು?

ಕೊರಿಯಾದವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಅಮೇರಿಕದ ಟೇಲರ್ ಸ್ವಿಫ್ಟ್ 2022ರಲ್ಲಿ ಒಂದೇ ಹಾಡುಗಳ ತಟ್ಟೆಯನ್ನು ನಾಲ್ಕು ಹೊದಿಕೆಗಳಲ್ಲಿ ಮಾರಿದಳು. ನಾಲ್ಕನ್ನೂ ಕೊಂಡು ಬೆನ್ನುಗಳನ್ನು ಜೋಡಿಸಿದರೆ ಒಂದು ಗಡಿಯಾರದ ಮುಖವಾಗುವುದು. ಅದೇ ದೇಶದಲ್ಲಿ ದೊಡ್ಡ ತಟ್ಟೆಗಳನ್ನು ಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಜನರ ಬಳಿ ಮಾತ್ರ ಅವನ್ನು ನುಡಿಸುವ ಯಂತ್ರವಿದೆಯೆಂದು ಸಂಗೀತವ್ಯಾಪಾರದ ಅಂಕಿಗಳನ್ನು ಕೂಡಿಸುವ ಲುಮಿನೇಟ್ ಸಂಸ್ಥೆ ತಿಳಿಸಿದೆ. ಬಿಲ್ಲಿ ಐಲಿಷ್ ಎಂಬ ತರುಣ ಗಾಯಕಿ 2024ರ ಮಾರ್ಚಿಯಲ್ಲಿ ಈ ಬಗೆಯ ಬಹುರೂಪಗಳ ಮಾರಾಟವು ದುಂದೆಂದು ಬಹಿರಂಗವಾಗಿ ಆಕ್ಷೇಪಿಸಿದಳು. ಎರಡು ತಿಂಗಳಾದ ಮೇಲೆ ಆಕೆಯ ಹೊಸ ಆಲ್ಬಮ್ಮೂ ಹಲವು ಬಣ್ಣದ ತಟ್ಟೆಗಳಲ್ಲಿ ಹೊರಟಿತು. ಆದರೆ ಮರುಬಳಕೆಯ ಪದಾರ್ಥದಿಂದ ಮಾಡಿದುವು. ಪ್ರವಾಹದಲ್ಲಿ ನಿಂತವಳು ಅಷ್ಟಾದರೂ ಮಾಡಿದಳಲ್ಲಾ ಎನ್ನಬೇಕು.

ಈ ದಾರಿಯ ಕೊನೆಯೆಲ್ಲಿ ಎಂದು ಕೇಳುವವರಿಗೆ ಒಂದು ಸಂಗತಿಯನ್ನು ತಿಳಿಸಬಹುದು. 2022ರ ಜುಲೈಯಲ್ಲಿ ಕೊರಿಯಾದ ಜೆ-ಹೋಪ್ ಎಂಬ ಗಾಯಕನ ಜ್ಯಾಕ್ ಇನ್ ದಿ ಬಾಕ್ಸ್ ಎಂಬ ಆಲ್ಬಂ ಹೊರಟಿತು. ಪೆಟ್ಟಿಗೆಯಿತ್ತು, ಭಾವಚಿತ್ರದ ಚೀಟಿಗಳಿದ್ದುವು, ಫೋನಿಗೆ ತೋರಿಸಿದರೆ ಹಾಡು ತೆರೆಯುವ ಚೌಕದ ಗುರುತೊಂದಿತ್ತು. ತಟ್ಟೆ ಇರಲಿಲ್ಲ. ಮರುವರ್ಷದ ಆಗಸ್ಟಿನಲ್ಲಿ ಅದೇ ಆಲ್ಬಮ್ಮಿಗೆ ತಟ್ಟೆಯುಳ್ಳ ಇನ್ನೊಂದು ಆವೃತ್ತಿಯನ್ನು ಹೊರಡಿಸಿದರು.